ಮತಪ್ರಚಾರಕನ ಕೈಯಲ್ಲಿ ದಾಸರ ಪದಗಳು: ಹೆರ್ಮನ್ ಮೊಗ್ಲಿಂಗನ ಬದುಕಿನ ಒಂದು ಮರುಓದು

ಹೆರ್ಮನ್ ಮೊಗ್ಲಿಂಗನ (1811-1881) ಹೆಸರು ಕನ್ನಡದಲ್ಲಿ ಉಳಿದಿರುವುದು ಮುಖ್ಯವಾಗಿ ಪತ್ರಿಕೆಯ ಕಾರಣಕ್ಕೆ. ಆತನ ಸಂಪಾದಕತ್ವದಲ್ಲಿ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಬಂದಿತು. ಆ ದಿನವನ್ನೇ ಪತ್ರಿಕಾ ದಿನವನ್ನಾಗಿ ಆಚರಿಸಲಾಗುತ್ತಿದೆ. ಆತನನ್ನು ನಿಸ್ವಾರ್ಥ ಕನ್ನಡ ಸೇವಕನೆಂದು ಕೊಂಡಾಡುವ ಒಂದು ಪರಂಪರೆಯಿದೆ. ಮಿಷನರಿಗಳ ಬರಹವನ್ನೆಲ್ಲ ವಸಾಹತುಶಾಹಿಯ ಉಪಕರಣವೆಂದು ಬದಿಗೆ ಸರಿಸುವ ಇನ್ನೊಂದು ನಿಲುವೂ ಇದೆ. ಆತನ ಬದುಕಿನ ವಿವರಗಳಿಗೆ ಇವೆರಡೂ ಪೂರ್ಣವಾಗಿ ಹೊಂದುವುದಿಲ್ಲ.

ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿ, ಟ್ಯೂಬಿಂಗನ್‌ನಲ್ಲಿ ದೈವಶಾಸ್ತ್ರ ಓದಿದ ಮೊಗ್ಲಿಂಗ್ 1836ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದನು. ವುರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಭಕ್ತಿ ಆತನ ಮೂಲದ್ರವ್ಯ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಇವಾಂಜೆಲಿಕಲ್ ಬರಹಗಾರರಲ್ಲಿ ಕಾಣುವ ಆತ್ಮೋದ್ಧಾರದ ಹಂಬಲ, ಮುದ್ರಣದ ಮೇಲಿನ ಅಪಾರ ನಂಬಿಕೆ ಆತನಲ್ಲಿಯೂ ಇದ್ದವು. ಮತಾಂತರ ಆತನಿಗೆ ಮುಚ್ಚಿಡಬೇಕಾದ ಉದ್ದೇಶವಾಗಿರಲಿಲ್ಲ. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯನೂ ಸೇರಿದಂತೆ ಸಾರಸ್ವತ ತರುಣರು ದೀಕ್ಷಾಸ್ನಾನ ಪಡೆದಾಗ ಮಂಗಳೂರು ಕ್ಷೋಭೆಗೊಂಡಿತು. ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿದ್ದ ಪತ್ರಿಕೆ ಅದೇ ವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು.

ನಾಲ್ಕು ವರ್ಷಗಳ ತರುವಾಯ ಇದೇ ವ್ಯಕ್ತಿ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯನ್ನು ಆರಂಭಿಸಿದನು ಎಂಬುದು ಗಮನಾರ್ಹ. ನಿವೃತ್ತ ನ್ಯಾಯಾಧೀಶ ಕಾಸಾಮೇಜರನ ಧನಸಹಾಯದಿಂದ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮಂಗಳೂರಿನಲ್ಲಿ ಅಚ್ಚಾದವು. ವಿಗ್ರಹಾರಾಧನೆಯನ್ನು ಖಂಡಿಸುತ್ತಿದ್ದ ಲೇಖನಿಯೇ ವಿಠಲನ ಅಂಕಿತದ ಪದಗಳನ್ನು ಸಂಗ್ರಹಿಸುತ್ತಿತ್ತು. ಎದುರಾಳಿಯನ್ನು ಅರಿಯುವ ತಂತ್ರವಷ್ಟೇ ಇದು ಎನ್ನುವ ವಾದಕ್ಕೆ ಬಲವಿಲ್ಲದಿಲ್ಲ. ಆದರೆ ತಂತ್ರವೇ ಗುರಿಯಾಗಿದ್ದರೆ, ತಾಯ್ನಾಡಿಗೆ ಮರಳಿದ ಮೇಲೂ ಆತನು ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಬೇಕಾದ ಅಗತ್ಯವಿರಲಿಲ್ಲ. ಅಲ್ಲಿ ಗೆಲ್ಲಬೇಕಾದ ಎದುರಾಳಿ ಯಾರೂ ಇರಲಿಲ್ಲ.

ಆತನ ಬದುಕಿನ ಕೊಡಗಿನ ಅಧ್ಯಾಯ ಸಾಹಿತ್ಯ ಚರಿತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ಸಾಲಿಗೆ ಸೀಮಿತವಾಗುತ್ತದೆ. ಊರಿಗೆ ಮರಳಲು ಸಿದ್ಧನಾಗಿದ್ದ ಮೊಗ್ಲಿಂಗ್ ಅಲ್ಮಂಡ ಸೋಮಯ್ಯನೆಂಬ ಕೊಡವನ ನಿಮಿತ್ತ ತನ್ನ ಯೋಜನೆಯನ್ನು ಬದಲಿಸಿ 1853ರಲ್ಲಿ ಕೊಡಗನ್ನು ಸೇರಿದನು. ಕೊಡವ ಸಮುದಾಯವೇ ತನ್ನ ಹಿಂದೆ ಬರುವುದೆಂಬ ನಿರೀಕ್ಷೆ ಹುಸಿಯಾಯಿತು. ಬಂದವರು ಹೊಲೆಯರು, ಜಮೀನುದಾರರ ಮನೆಗಳಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದವರು. ಇವರಿಗಾಗಿ ನೆಲೆಗೊಂಡ ಆನಂದಪುರವು ಕೌಂಡಿನ್ಯನ ಹೆಸರನ್ನು ಹೊತ್ತಿದೆ. ಬ್ರಾಹ್ಮಣ ತರುಣನ ಮತಾಂತರ ಪಟ್ಟಣವನ್ನೇ ಅಲುಗಿಸಿತ್ತು. ಜೀತದಾಳುಗಳದು ಹಾಗೆ ಚರಿತ್ರಕಾರರ ಗಮನ ಸೆಳೆಯಲಿಲ್ಲ. ಈ ಮೌನವನ್ನು ಮಿಷನರಿ ಅಧ್ಯಯನಗಳು ಪ್ರಶ್ನಿಸಬೇಕಾಗಿದೆ.

ಇದೇ ಅವಧಿಯಲ್ಲಿ 'ಕೂರ್ಗ್ ಮೆಮೊಯಿರ್ಸ್' (1855) ಬಂದಿತು. 1857ರಲ್ಲಿ ಹಾಲೇರಿ ಅರಸರ ಚರಿತ್ರೆಯಾದ 'ರಾಜೇಂದ್ರನಾಮೆ' ಅಚ್ಚಾಯಿತು. ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಮತ್ತು ಸಕಲೇಶಪುರದ ಗುಡ್ಡಗಾಡಿಗೆ ಉತ್ತರ ಕೊಡಗಿನ ಕೊಡ್ಲಿಪೇಟೆ ಸೀಮೆ ನೆರೆಯದು. ಕಾಫಿ ತೋಟ, ದುಡಿಯುವ ಜಾತಿಗಳು, ಪಾಳೆಯಗಾರಿಕೆಯ ನೆನಪು ಈ ಎರಡೂ ಕಡೆಗೆ ಸಮಾನ. ಆದ್ದರಿಂದ ಮಂಜರಾಬಾದಿನ ಚರಿತ್ರೆಯನ್ನು ಬರೆಯುವವರೂ ಈ ಪುಟಗಳನ್ನು ಅವಶ್ಯವಾಗಿ ನೋಡಬೇಕು. ಆದರೆ ಹೊಲೆಯರ ಬಗ್ಗೆ ಮರುಕದಿಂದ ಬರೆಯುವ ಮಿಷನರಿ ಗದ್ಯದಲ್ಲಿ ಅವರ ದನಿ ಎಷ್ಟು, ಬರೆದವನ ಆಶಯ ಎಷ್ಟು ಎಂಬುದನ್ನು ಬೇರ್ಪಡಿಸಿಯೇ ಓದಬೇಕು.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಕನ್ನಡದ ಕೆಲಸಕ್ಕಾಗಿ ಮೊಗ್ಲಿಂಗನಿಗೆ ಗೌರವ ಡಾಕ್ಟರೇಟ್ ನೀಡಿತು. ಎರಡು ವರ್ಷಗಳ ಬಳಿಕ ಆತನು ಭಾರತವನ್ನು ಬಿಟ್ಟನು, ಮತ್ತೆ ಬರಲಿಲ್ಲ. 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡನು.