ಎ, ಬಿ ಬರೆಯುವ ಮುನ್ನ

ದ್ವಿತೀಯ ಪಿಯುಸಿಗೆ ಅನುಕಲನ ಪಾಠ ಮಾಡುವಾಗ ಆಂಶಿಕ ಭಿನ್ನರಾಶಿ ಬಂತೆಂದರೆ ಸಾಕು, ನಾನಿನ್ನೂ ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸಿರುವುದಿಲ್ಲ, ಮಕ್ಕಳು ಆಗಲೇ ಎ, ಬಿ, ಸಿ ಎಂದು ಶುರುಮಾಡಿರುತ್ತಾರೆ. ಬಿಡಿಸುವುದೇನೂ ಕಷ್ಟವಲ್ಲ. ಬಿಡಿಸಲು ಭಿನ್ನರಾಶಿಯನ್ನು ಹದಕ್ಕೆ ತರುವುದರಲ್ಲೇ ಇರುವುದೆಲ್ಲ.

ಎಕ್ಸ್³/(ಎಕ್ಸ್² − 1) ತೆಗೆದುಕೊಳ್ಳಿ. ಅಂಶದ ಘಾತ ಮೂರು, ಛೇದದ್ದು ಎರಡು. ವಿಷಮ ಭಿನ್ನರಾಶಿ ಇದು, ಮೊದಲು ಭಾಗಾಕಾರ ಆಗಬೇಕು. ಅದನ್ನು ಬಿಟ್ಟು, ಹೆವಿಸೈಡ್ ಹೆಸರಿನ ಕವರ್-ಅಪ್ ವಿಧಾನದಲ್ಲಿ ಎಕ್ಸ್‌ಗೆ 1 ಹಾಕಿದರೆ ಎ ಅರ್ಧ, −1 ಹಾಕಿದರೆ ಬಿಯೂ ಅರ್ಧ. ಎಲ್ಲೂ ತೊಡಕಿಲ್ಲ! ಆದರೆ ಆ ಎರಡು ತುಂಡುಗಳನ್ನು ಕೂಡಿಸಿದರೆ ಸಿಗುವುದು ಎಕ್ಸ್/(ಎಕ್ಸ್² − 1) ಮಾತ್ರ. ಎ, ಬಿ ಎರಡೂ ಸರಿಯೇ. ಭಾಗಲಬ್ಧವಾಗಿ ಬರಬೇಕಿದ್ದ ಎಕ್ಸ್ ನಾಪತ್ತೆ. ಎಕ್ಸ್‌ಗೆ 0 ಹಾಕಿ ತಾಳೆ ನೋಡಿದರೂ ಗೊತ್ತಾಗದು, ಎರಡೂ ಕಡೆ ಸೊನ್ನೆಯೇ. 2 ಹಾಕಿದರೆ ಒಂದು ಕಡೆ 8/3, ಇನ್ನೊಂದು ಕಡೆ 2/3.

ಸಹಗುಣಕಗಳನ್ನು ಹೋಲಿಸುವ ಹಳೆಯ ವಿಧಾನದಲ್ಲಾದರೆ ಲೆಕ್ಕ ಅಲ್ಲೇ ನಿಂತುಬಿಡುತ್ತದೆ: ಎಡಕ್ಕೆ ಎಕ್ಸ್³ ಇದೆ, ಬಲಕ್ಕೆ ಎಕ್ಸ್‌ನ ಒಂದನೇ ಘಾತ ದಾಟುವುದೇ ಇಲ್ಲ. ಅದಕ್ಕೇ ಮೊದಲು ಕಲಿಸುವುದು ಆ ನಿಧಾನದ ದಾರಿಯನ್ನೇ. ಸಿಇಟಿ ಗುಂಗಿನಲ್ಲಿರುವವರು ಮೂಗು ಮುರಿಯುತ್ತಾರೆ, ಮುರಿಯಲಿ.

ಆಮೇಲೆ ಛೇದದ ಅಪವರ್ತನ. ಎರಡನೇ ಘಾತದ್ದಾದರೆ ಶೋಧಕ ನೋಡಿ, ಋಣವಾಗಿದ್ದರೆ ಇನ್ನು ಒಡೆಯದು ಎಂದು ಬಿಟ್ಟುಬಿಡಬಹುದು. ನಾಲ್ಕನೇ ಘಾತದಲ್ಲಿ ಆ ಧೈರ್ಯ ಬೇಡ. ಎಕ್ಸ್⁴ + 1 ಕ್ಕೆ ವಾಸ್ತವ ಮೂಲಗಳೇ ಇಲ್ಲ, ಆದರೂ ಒಡೆಯುತ್ತದೆ. 2ಎಕ್ಸ್² ಕೂಡಿಸಿ ಕಳೆದರೆ (ಎಕ್ಸ್² + 1)² − 2ಎಕ್ಸ್², ಅಂದರೆ ವರ್ಗಗಳ ವ್ಯತ್ಯಾಸ. (ಎಕ್ಸ್² + √2ಎಕ್ಸ್ + 1), (ಎಕ್ಸ್² − √2ಎಕ್ಸ್ + 1) ಎಂಬ ಎರಡು ಅಪವರ್ತನಗಳು. 1702ರಲ್ಲಿ ಲೈಬ್ನಿಟ್ಸ್‌ನಂಥವನೇ ಈ ಜಾತಿಯ ಪದವನ್ನು ವಾಸ್ತವ ಅಪವರ್ತನಗಳಾಗಿ ಒಡೆಯಲಾಗದು ಅಂದುಕೊಂಡಿದ್ದ. ಇದನ್ನು ಹೇಳಿದ ದಿನ ಹುಡುಗರಿಗೆ ಭಾರಿ ಖುಷಿ.

ಎಕ್ಸ್²/((ಎಕ್ಸ್² + 1)(ಎಕ್ಸ್² + 4)) ಥರದ್ದಕ್ಕೆ ಎಕ್ಸ್² ಬದಲು ವೈ ಎಂದಿಟ್ಟರೆ ಎರಡೇ ಸ್ಥಿರಾಂಕ ಸಾಕು: −1/3 ಮತ್ತು 4/3. ಬಿಡಿಸಿದ ಮೇಲೆ ವೈ ತೆಗೆದು ಎಕ್ಸ್² ವಾಪಸು ಹಾಕಿಯೇ ಅನುಕಲಿಸಬೇಕು.

ಕೊನೆಗೆ (2ಎಕ್ಸ್ + 3)/(ಎಕ್ಸ್² + 3ಎಕ್ಸ್ + 2) ಕೊಡುತ್ತೇನೆ. ಇಷ್ಟೆಲ್ಲ ಕಲಿತ ಹುರುಪಿನಲ್ಲಿ ಹೆಚ್ಚಿನವರು ಛೇದ ಒಡೆದು, ಎ, ಬಿ ಎರಡೂ 1 ಎಂದು ಕಂಡುಹಿಡಿದು, ಎರಡು ಲಾಗ್ ಬರೆದು ಕೂಡಿಸುತ್ತಾರೆ. ಛೇದವನ್ನು ಅವಕಲಿಸಿದರೆ ಅಂಶವೇ ಬರುವುದನ್ನು ಯಾರೋ ಒಬ್ಬಿಬ್ಬರು ಗಮನಿಸಿ, ಒಂದೇ ಸಾಲಲ್ಲಿ ಛೇದದ ಲಾಗ್ ಬರೆದು ಪೆನ್ನು ಕೆಳಗಿಡುತ್ತಾರೆ. ಇಬ್ಬರಿಗೂ ಪೂರ್ತಿ ಅಂಕ ಕೊಡುತ್ತೇನೆ.