ರ‍್ಯಾಮ್ ಕೊಳ್ಳುವ ಮುನ್ನ ಚೀಟಿ ಓದಲು ಕಲಿಯೋಣ



ಲ್ಯಾಬಿನಲ್ಲೋ ಮನೆಯಲ್ಲೋ ಒಂದು ಹಳೆಯ ಡೆಸ್ಕ್‌ಟಾಪ್ ಇದೆ ಎಂದುಕೊಳ್ಳಿ. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದರೆ ಸಾಕು, ಮೌಸ್ ಕೂಡ ಅಲ್ಲಾಡುವುದಿಲ್ಲ. "ಇನ್ನೊಂದು ರ‍್ಯಾಮ್ ಹಾಕಿಸಿ, ಸರಿಹೋಗುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಅನೇಕ ಸಲ ಆ ಮಾತು ನಿಜವೇ. ಆದರೆ ಯಾವ ರ‍್ಯಾಮ್? "8 ಜಿಬಿ ಕೊಡಿ" ಅಂದರೆ ಸಾಲದು. ತಂದ ಸ್ಟಿಕ್ ನಮ್ಮ ಸ್ಲಾಟಿಗೆ ಕೂರದೇ ಇರಬಹುದು; ಕೂತರೂ ಕಂಪ್ಯೂಟರ್ ಆನ್ ಆಗದೇ ಇರಬಹುದು. ಪ್ಯಾಕೆಟ್ ಒಡೆದ ಮೇಲೆ ವಾಪಸು ಕೊಡುವುದು ಕಷ್ಟ. ದುಡ್ಡು ಹೋಗುವುದು ಮನೆಯದು, ಇಲ್ಲವೇ ಶಾಲೆಯದು.

ನಮ್ಮ ಊರುಗಳಲ್ಲಿ ಅಂಗಡಿಯವರು ಮಲಯಾಳ, ಮರಾಠಿ, ತಮಿಳು, ತೆಲುಗು ಯಾವುದನ್ನಾದರೂ ಆಡಬಹುದು. ಸ್ಟಿಕ್ಕಿನ ಮೇಲಿನ ಚೀಟಿಯ ಅಂಕಿ ಮಾತ್ರ ಎಲ್ಲ ಕಡೆಯೂ ಒಂದೇ. ಜೆಡೆಕ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಇದಕ್ಕೆ ನಿಯಮ ಮಾಡಿದೆ. ಆ ಚೀಟಿಯನ್ನು ಓದುವುದೇ ಇಂದಿನ ಪಾಠ.

ನಮ್ಮ ಮುಂದಿರುವ ಲೆಕ್ಕ

ನಮ್ಮ ಕಂಪ್ಯೂಟರಿನಲ್ಲಿ ಇಂಟೆಲ್ 4ನೇ ಪೀಳಿಗೆಯ ಐ3 ಪ್ರೊಸೆಸರ್ ಮತ್ತು ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡ್ ಇದೆ. ರ‍್ಯಾಮ್ ಸ್ಲಾಟ್ ಎರಡು. ಒಂದರಲ್ಲಿ 4 ಜಿಬಿ ಸ್ಟಿಕ್ ಇದೆ, ಅದರ ಚೀಟಿಯಲ್ಲಿ "ಪಿಸಿ3-12800ಯು" ಎಂದಿದೆ. ಇನ್ನೊಂದು ಸ್ಲಾಟ್ ಖಾಲಿ. ಅಂಗಡಿಯಲ್ಲಿ ಐದು ಸ್ಟಿಕ್‌ಗಳಿವೆ:

ಅ) 8 ಜಿಬಿ, ಪಿಸಿ4-2666ವಿ-ಯು
ಆ) 8 ಜಿಬಿ, ಪಿಸಿ3-12800ಆರ್
ಇ) 4 ಜಿಬಿ, ಪಿಸಿ3ಎಲ್-12800ಎಸ್
ಈ) 4 ಜಿಬಿ, ಪಿಸಿ3-10600ಯು
ಉ) 4 ಜಿಬಿ, ಪಿಸಿ3-12800ಯು

ಯಾವುದನ್ನು ಕೊಳ್ಳಬೇಕು? ಮುಂದೆ ಓದುವ ಮೊದಲು ನಿಮ್ಮ ಉತ್ತರವನ್ನು ಪುಸ್ತಕದಲ್ಲಿ ಬರೆದಿಡಿ.

ಮೊದಲ ಅಂಕಿ: ಪೀಳಿಗೆ

"ಪಿಸಿ3" ಅಂದರೆ ಡಿಡಿಆರ್3, "ಪಿಸಿ4" ಅಂದರೆ ಡಿಡಿಆರ್4. ಪ್ರತಿ ಪೀಳಿಗೆಯ ವಿದ್ಯುತ್ ವೋಲ್ಟೇಜ್ ಬೇರೆ: ಡಿಡಿಆರ್2ಕ್ಕೆ 1.8 ವೋಲ್ಟ್, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ತಪ್ಪು ಸ್ಟಿಕ್ ತಪ್ಪು ಸ್ಲಾಟಿಗೆ ಹೋಗಬಾರದೆಂದೇ ಅಂಚಿನಲ್ಲಿ ಒಂದು ಕಚ್ಚು ಇಟ್ಟಿದ್ದಾರೆ. ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್. ಆದರೂ ಕಚ್ಚಿನ ಜಾಗ ಬೇರೆಬೇರೆ. ಹಾಗಾಗಿ ಪಿನ್ ಎಣಿಸಿ ನಂಬಬೇಡಿ. ಸ್ಟಿಕ್ ಕೂರದಿದ್ದರೆ ಬಲ ಹಾಕಲೂ ಬೇಡಿ.

ಹಾಗಾದರೆ "ಅ" ಹೋಯಿತು. ಅದು ಎಷ್ಟೇ ಹೊಸದಾಗಿರಲಿ, ನಮ್ಮ ಬೋರ್ಡಿಗೆ ಆಗುವುದಿಲ್ಲ.

ಕೊನೆಯ ಅಕ್ಷರ: ಜಾತಿ

ಮೋಸ ಹೋಗುವುದು ಇಲ್ಲೇ. "ಯು" ಎಂದಿದ್ದರೆ ಸಾಮಾನ್ಯ ಡೆಸ್ಕ್‌ಟಾಪಿನ ಸ್ಟಿಕ್. "ಎಸ್" ಎಂದರೆ ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್. ಡೆಸ್ಕ್‌ಟಾಪ್ ಸ್ಟಿಕ್ಕಿನ ಉದ್ದ ಸುಮಾರು 13.3 ಸೆಂಟಿಮೀಟರ್, ಲ್ಯಾಪ್‌ಟಾಪಿನದು ಅದರ ಅರ್ಧದಷ್ಟು. "ಇ" ಕೂಡ ಹೋಯಿತು.

"ಆರ್" ಎಂದರೆ ರಿಜಿಸ್ಟರ್ಡ್, ಸರ್ವರ್ ಯಂತ್ರಗಳ ರ‍್ಯಾಮ್. ಹಳೆಯ ಸರ್ವರ್‌ಗಳಿಂದ ಬಿಚ್ಚಿದ ಇಂಥ ಸ್ಟಿಕ್‌ಗಳು ಅಗ್ಗಕ್ಕೆ ಸಿಗುತ್ತವೆ. ಡಿಡಿಆರ್3ರಲ್ಲಿ ಇದರ ಉದ್ದ, ಪಿನ್, ಕಚ್ಚು ಎಲ್ಲವೂ ನಮ್ಮ ಸ್ಟಿಕ್ಕಿನ ಹಾಗೇ ಇರುತ್ತವೆ. ಸ್ಲಾಟಿನಲ್ಲಿ ಚೆನ್ನಾಗಿ ಕೂರುತ್ತೆ ಕೂಡ. ಆದರೆ ಇದರಲ್ಲಿ ಪ್ರೊಸೆಸರಿನಿಂದ ಬರುವ ಆಜ್ಞೆಗಳು ನಡುವೆ ಇರುವ ರಿಜಿಸ್ಟರ್ ಚಿಪ್ಪಿನ ಮೂಲಕ ಹಾದುಹೋಗಬೇಕು. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರಿಗೆ ಆ ಏರ್ಪಾಡು ಗೊತ್ತಿಲ್ಲ. ಕಂಪ್ಯೂಟರ್ ಏಳುವುದೇ ಇಲ್ಲ. ಕೂತ ಮಾತ್ರಕ್ಕೆ ಹೊಂದಿತು ಎಂದರ್ಥವಲ್ಲ. "ಆ" ಕೂಡ ಬೇಡ.

ನಡುವಿನ ಅಂಕಿ: ವೇಗ

ಉಳಿದವು "ಈ" ಮತ್ತು "ಉ". 12800 ಎಲ್ಲಿಂದ ಬಂತು? ಡಿಡಿಆರ್3-1600 ಸ್ಟಿಕ್ ಸೆಕೆಂಡಿಗೆ 1600 ದಶಲಕ್ಷ ಸಲ ಮಾಹಿತಿ ಸಾಗಿಸುತ್ತದೆ. ಒಂದು ಸಲಕ್ಕೆ 64 ಬಿಟ್, ಅಂದ್ರೆ 8 ಬೈಟ್. 1600 × 8 = 12,800. ಸೆಕೆಂಡಿಗೆ ಇಷ್ಟು ಮೆಗಾಬೈಟ್ ಅದರ ಗರಿಷ್ಠ ಸಾಮರ್ಥ್ಯ. ಹಾಗೆಯೇ 1333 × 8 ಮಾಡಿದರೆ 10,664. ಚೀಟಿಯಲ್ಲಿ 10600 ಎಂದು ಬರೆಯುತ್ತಾರೆ. ಡಿಡಿಆರ್4 ಚೀಟಿಗಳಲ್ಲಿ ಗುಣಿಸದೆ 2666 ಎಂದೇ ಬರೆದಿರುವುದೂ ಉಂಟು, "ಅ" ನೋಡಿ.

1600ರ ಜೊತೆ 1333 ಹಾಕಿದರೆ? ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನಲ್ಲಿ ನಿಧಾನದ ಎತ್ತು ನಡೆದಷ್ಟೇ ಗಾಡಿ ನಡೆಯುತ್ತದೆ. ಇಲ್ಲೂ ಹಾಗೇ, ಎರಡೂ 1333ರಲ್ಲೇ ಓಡುತ್ತವೆ. ಪ್ರತಿ ಸ್ಟಿಕ್ಕಿನಲ್ಲಿ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇದ್ದು, ತನ್ನ ವೇಗವೇನೆಂದು ಕಂಪ್ಯೂಟರ್ ಆನ್ ಆದಾಗ ಬೋರ್ಡಿಗೆ ತಿಳಿಸುತ್ತದೆ. ಬೋರ್ಡ್ ಇಬ್ಬರಿಗೂ ಆಗುವ ವೇಗವನ್ನು ಆರಿಸುತ್ತದೆ.

ಹಾಗಾದ್ರೆ "ಈ" ಕೊಂಡರೆ ನಷ್ಟವೇ? ಲೆಕ್ಕ ಮಾಡೋಣ. ನಮ್ಮ ಪ್ರೊಸೆಸರಿಗೆ ರ‍್ಯಾಮ್ ಕಡೆಗೆ ಎರಡು ದಾರಿಗಳಿವೆ. ಇವನ್ನು ಚಾನೆಲ್ ಅನ್ನುತ್ತಾರೆ. ಬಾವಿಗೆ ಎರಡು ರಾಟೆ ಇದ್ದ ಹಾಗೆ. ಈಗ ಒಂದೇ ಸ್ಟಿಕ್ ಇರುವುದರಿಂದ ಒಂದು ರಾಟೆ ಸುಮ್ಮನೆ ನಿಂತಿದೆ.

ಈಗ: 12,800 × 1 = 12,800
"ಈ" ಸೇರಿಸಿದರೆ: 10,664 × 2 = 21,328
"ಉ" ಸೇರಿಸಿದರೆ: 12,800 × 2 = 25,600

ಇವು ಗರಿಷ್ಠ ಮಿತಿಗಳು. ದಿನದ ಕೆಲಸದಲ್ಲಿ ಇಷ್ಟೇ ಪಟ್ಟು ವೇಗ ಕಾಣುವುದಿಲ್ಲ. ಆದರೂ ವಿಷಯ ಸ್ಪಷ್ಟ. ಉತ್ತಮ ಉತ್ತರ "ಉ". ಅದು ಸಿಗದಿದ್ದರೆ "ಈ" ಕೂಡ ಖಾಲಿ ಸ್ಲಾಟಿಗಿಂತ ಎಷ್ಟೋ ಮೇಲು. ಪೀಳಿಗೆ, ಜಾತಿ ತಪ್ಪಿದರೆ ಕೆಲಸವೇ ಕೆಟ್ಟಿತು. ವೇಗ ಸ್ವಲ್ಪ ತಪ್ಪಿದರೆ ಸ್ವಲ್ಪ ನಿಧಾನ, ಅಷ್ಟೇ. ಯಾವುದಕ್ಕೆ ಪಟ್ಟು ಹಿಡಿಯಬೇಕು, ಯಾವುದನ್ನು ಬಿಟ್ಟುಕೊಡಬಹುದು ಎಂಬುದು ಇದರಿಂದ ತಿಳಿಯುತ್ತದೆ.

ಹೊಸ ಕಂಪ್ಯೂಟರ್ ಜೋಡಿಸುವಾಗ

ಇಂಟೆಲ್ ಐ3-12100 ಪ್ರೊಸೆಸರ್ ಡಿಡಿಆರ್4, ಡಿಡಿಆರ್5 ಎರಡನ್ನೂ ನಡೆಸಬಲ್ಲದು. ಅದಕ್ಕೆ ಕೊಳ್ಳುವ ಎಚ್610 ಬೋರ್ಡ್ ಮಾತ್ರ ಸಾಮಾನ್ಯವಾಗಿ ಯಾವುದಾದರೂ ಒಂದಕ್ಕೇ ಮಾಡಿದ್ದು. ಮಾರುಕಟ್ಟೆಯಲ್ಲಿ ಡಿಡಿಆರ್4ರ ಎಚ್610 ಇದೆ, ಡಿಡಿಆರ್5ರ ಎಚ್610 ಕೂಡ ಇದೆ. ಹೆಸರಿನ ಮುಂದೆ "ಡಿ4" ಎಂದಿದೆಯೋ ಹೇಗೆ, ಪೂರ್ತಿ ಓದಿ. ಎಎಂಡಿಯಲ್ಲಿ ಇದು ಸುಲಭ: ಎಎಂ4 ಸಾಕೆಟ್ ಆದರೆ ಡಿಡಿಆರ್4, ಎಎಂ5 ಆದರೆ ಡಿಡಿಆರ್5.

16 ಜಿಬಿ ಬೇಕಿದ್ದರೆ 8ರ ಎರಡು ಸ್ಟಿಕ್ ಇರುವ ಜೋಡಿ ಪ್ಯಾಕ್ ಒಳ್ಳೆಯದು, ಎರಡು ರಾಟೆಯೂ ತಿರುಗುತ್ತವೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಬೋರ್ಡಿನ ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ಡಬ್ಬದ ಮೇಲೆ 3600 ಎಂದಿದ್ದರೂ ಮೊದಲು ಕಡಿಮೆ ವೇಗ ಕಂಡರೆ ಗಾಬರಿ ಬೇಡ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಬೇಕಾಗುತ್ತದೆ, ಬೋರ್ಡಿಗೆ ಆ ವೇಗ ಒಪ್ಪಿಗೆಯಾದರೆ ಮಾತ್ರ.

ಅಂಗಡಿಗೆ ಹೋಗುವ ಮೊದಲು

1. ವಿಂಡೋಸ್ ಇದ್ದರೆ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ. ಈಗಿನ ವೇಗ, ಎಷ್ಟು ಸ್ಲಾಟ್ ತುಂಬಿವೆ ಎಂಬುದು ಕಾಣುತ್ತದೆ. ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಎಂಬ ಆಜ್ಞೆ ಇದನ್ನೆಲ್ಲ ತೋರಿಸುತ್ತದೆ.
2. ಬೋರ್ಡಿನ ಹೆಸರು, ಅದು ಹಿಡಿಯುವ ಗರಿಷ್ಠ ರ‍್ಯಾಮ್ ಬರೆದುಕೊಳ್ಳಿ. ಎಚ್81ರಲ್ಲಿ ಅದು 16 ಜಿಬಿ.
3. ವಿಂಡೋಸ್ 32 ಬಿಟ್ಟಿನದೇ ನೋಡಿ. 32 ಬಿಟ್ಟಿನಲ್ಲಿ 2ರ ಘಾತ 32, ಅಂದರೆ 4 ಜಿಬಿಯಷ್ಟೇ ವಿಳಾಸಗಳು. ಮೊದಲು 64 ಬಿಟ್ಟಿನದು ಹಾಕದಿದ್ದರೆ ಹೊಸ ರ‍್ಯಾಮ್ ವ್ಯರ್ಥ.
4. ಹಳೆಯ ಸ್ಟಿಕ್ಕಿನ ಚೀಟಿಯ ಫೋಟೋ ತೆಗೆದುಕೊಂಡು ಹೋಗಿ.

ಪೆಟ್ಟಿಗೆ ಬಿಚ್ಚುವಾಗ ಶಿಕ್ಷಕರೋ ಹಿರಿಯರೋ ಜೊತೆಗಿರಲಿ. ವಿದ್ಯುತ್ ತಂತಿ ತೆಗೆಯಿರಿ. ಪೆಟ್ಟಿಗೆಯ ಬರಿ ಲೋಹ ಮುಟ್ಟಿ ಮೈಮೇಲಿನ ಸ್ಥಿರವಿದ್ಯುತ್ತನ್ನು ಕಳೆಯಿರಿ. ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿದು, ಕಚ್ಚು ಹೊಂದಿಸಿ, "ಟಕ್" ಅನ್ನುವವರೆಗೆ ಸಮನಾಗಿ ಒತ್ತಿ.

ಮಾಡಿ ನೋಡಿ

1. ಡಿಡಿಆರ್4-3200 ಸ್ಟಿಕ್ ಸೆಕೆಂಡಿಗೆ ಗರಿಷ್ಠ ಎಷ್ಟು ಮೆಗಾಬೈಟ್ ಸಾಗಿಸುತ್ತದೆ? ಎರಡು ಚಾನೆಲ್ ಇದ್ದರೆ?
2. ಸಿಎಲ್ ಅಂಕಿ ಎಂದರೆ ಕೇಳಿದ ಮಾಹಿತಿ ಬರಲು ಕಾಯಬೇಕಾದ ಗಡಿಯಾರದ ಬಡಿತಗಳು. ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ಸಾಗಿಸುವುದರಿಂದ 1600ರ ಗಡಿಯಾರ 800 ಮೆಗಾಹರ್ಟ್ಝ್, 3200ರದು 1600 ಮೆಗಾಹರ್ಟ್ಝ್. ಡಿಡಿಆರ್3-1600 ಸಿಎಲ್11 ಮತ್ತು ಡಿಡಿಆರ್4-3200 ಸಿಎಲ್22, ಯಾವುದರಲ್ಲಿ ಕಾಯುವ ಸಮಯ ಕಡಿಮೆ?

ಉತ್ತರ: 1. 25,600, 51,200. 2. ಎರಡರಲ್ಲೂ 13.75 ನ್ಯಾನೋಸೆಕೆಂಡ್. ಹೊಸ ಪೀಳಿಗೆಯಲ್ಲಿ ಕಾಯುವ ಸಮಯ ಇಳಿದಿಲ್ಲ, ಸಾಗಿಸುವ ಪ್ರಮಾಣ ಎರಡು ಪಟ್ಟಾಗಿದೆ.