ಕೋಳಿ ಮನೆಗೆ ಎರಡು ಜನರೇಟರ್: ತಾನಾಗಿ ಬದಲಾಗುವ ಸ್ವಿಚ್ಚು

ಪಕ್ಕಗಳನ್ನು ಮುಚ್ಚಿ, ಫ್ಯಾನುಗಳಿಂದಲೇ ಗಾಳಿಯಾಡಿಸುವ ಕೋಳಿ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ವಿದ್ಯುತ್ ನಿಂತರೆ ಅರ್ಧ ಗಂಟೆಯೊಳಗೇ ಕೋಳಿಗಳು ಗುಂಪಾಗಿ ಸಾಯಬಹುದು. ಇಂಥ ಕಡೆ ಎರಡು ಜನರೇಟರುಗಳನ್ನೂ ತಾನಾಗಿ ಬದಲಾಗುವ ಸ್ವಿಚ್ಚನ್ನೂ ಅಳವಡಿಸುವುದು ಕ್ಷೇಮ.

ಕೆಲಸದ ಕ್ರಮ: ವಿದ್ಯುತ್ ನಿಂತ ಕೆಲವು ಸೆಕೆಂಡುಗಳಲ್ಲಿ ನಿಯಂತ್ರಕವು ಮೊದಲನೆಯ ಎಂಜಿನನ್ನು ಚಾಲನೆಗೊಳಿಸುತ್ತದೆ. ಸಾಮಾನ್ಯವಾಗಿ ಮೂರು ಯತ್ನಗಳಲ್ಲೂ ಅದು ಏಳದಿದ್ದರೆ ಎರಡನೆಯದನ್ನು ಶುರು ಮಾಡುತ್ತದೆ. ವೋಲ್ಟೇಜು ಸರಿಯಾಗಿ, ಆವರ್ತನ 50 ಹರ್ಟ್ಸ್‌ಗೆ ಬಂದ ಮೇಲೆಯೇ ಫ್ಯಾನುಗಳಿಗೆ ಸಂಪರ್ಕ ಕೊಡುತ್ತದೆ.

ಎಚ್ಚರಿಕೆ: ಹೊರಗಿನ ಲೈನು ಕಡಿದ ನಂತರವೇ ಜನರೇಟರ್ ಸೇರುವಂತೆ ಸ್ವಿಚ್ಚಿನಲ್ಲಿ ಇಂಟರ್‌ಲಾಕ್ ಇರಬೇಕು. ಇಲ್ಲವಾದರೆ ಜನರೇಟರಿನ ವಿದ್ಯುತ್ ಲೈನಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್ನಿನ ಪ್ರಾಣಕ್ಕೇ ಅಪಾಯ.

ಪ್ರತಿ ಎಂಜಿನಿಗೂ ಬೇರೆ ಬ್ಯಾಟರಿ ಇರಲಿ. ಒಂದೇ ಬ್ಯಾಟರಿಯನ್ನು ನಂಬಿದರೆ, ಅದು ಇಳಿದ ದಿನ ಎರಡೂ ಏಳವು. ವಾರಕ್ಕೊಮ್ಮೆ ಮೈನ್ ಸ್ವಿಚ್ಚನ್ನು ಆರಿಸಿ, ಫ್ಯಾನುಗಳ ಹೊರೆಯೊಡನೆಯೇ ಪರೀಕ್ಷಿಸಿರಿ.